ನಿಶ್ಶಬ್ದಕ್ಕೊಂದು ಕೇಬಲ್

“ಇದು ಕೇಬಲ್ಲಾ? ಇದ್ರ ಮೇಲೆ ನಾನು ಒದ್ದೆ ಕರ್ಚೀಫು ಕೂಡ ಒಣಗೋಕೆ ಹಾಕಲ್ಲ!”

ಹೀಗೆಂದವರು ಮೇಲಿನ ಮನೆಯ ಕರೆಂಟಪ್ಪ. ಜೀವಮಾನವಿಡೀ ವಿದ್ಯುತ್ ಕಂಬ ಹತ್ತಿ ಇಳಿದ ಲೈನ್‌ಮನ್. ನಿವೃತ್ತಿಯಾದ ಮೇಲೆ ಹತ್ತಲು ಕಂಬ ಸಿಗದೆ ಕಟ್ಟಡದ ಮೆಟ್ಟಿಲನ್ನೇ ಹತ್ತಿ ಇಳಿಯುತ್ತ, ತೆರೆದ ಬಾಗಿಲು ಕಂಡಲ್ಲೆಲ್ಲ ನಿಂತು ಸಲಹೆ ಕೊಡುತ್ತಿದ್ದರು. ಅವರಿಗೆ ಬೇರೊಂದು ಹೆಸರೂ ಇತ್ತು; ಅದು ಅವರ ಹೆಂಡತಿಗೂ ಮರೆತುಹೋಗಿತ್ತು.

ಬಾಗಿಲು ತೆರೆದಿಟ್ಟದ್ದೇ ತಪ್ಪಾಯಿತು ಎಂದು ಕನ್ನಡಕದವನಿಗೆ ಹೊಳೆಯುವಷ್ಟರಲ್ಲಿ ಕರೆಂಟಪ್ಪ ಒಳಗೆ ಬಂದು ಸ್ಪೀಕರಿನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು.

ಕನ್ನಡಕದವನೆಂದರೆ ಆ ಮನೆಯ ಯಜಮಾನ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವ ಕೆಲಸ. ಯಾರ ಮನಸ್ಸನ್ನೂ ನೋಯಿಸಲಾರದ ಪ್ರಾಣಿ. ಹೊಸ ಕನ್ನಡಕ ಹಾಕಿಕೊಂಡ ಗಿರಾಕಿ “ಹೇಗೆ ಕಾಣ್ತೀನಿ?” ಎಂದು ಕೇಳಿದರೆ, ಎದುರಿಗೆ ಸಾಕ್ಷಾತ್ ಗೂಬೆಯೇ ಕೂತಿದ್ದರೂ “ಪ್ರೊಫೆಸರ್ ಥರ ಸಾರ್” ಎನ್ನುವವನು. ಇವತ್ತು ಅಂಗಡಿಗೆ ರಜೆ ಹಾಕಿ, ಹೊಸದಾಗಿ ಕೊಂಡ ಡಿಜಿಟಲ್ ಪ್ಲೇಯರು, ಆಂಪ್ಲಿಫೈಯರು, ಎರಡು ಸ್ಪೀಕರುಗಳ ನಡುವೆ, ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದ ಹುಡುಗನ ಹಾಗೆ ಕೂತಿದ್ದ.

“ಡಬ್ಬದ ಜೊತೆಗೇ ಬಂದಿದ್ದು ಚಿಕ್ಕಪ್ಪ. ಇಷ್ಟು ಸಾಕು ಅಂದ ಅಂಗಡಿಯೋನು.”

“ಸಾಕು ಅಂತಾನೆ. ಅವನಿಗೇನು? ಸಂಜೆ ಮಾವ ಬರ್ತಿರೋದು ನಿನಗೆ!”

ಮಾತು ನೆಟ್ಟಗೆ ಹೋಗಿ ಗಾಯದ ಮೇಲೇ ಕೂತಿತು. ಇಡೀ ಕಟ್ಟಡಕ್ಕೆ ಗೊತ್ತಿದ್ದ ಗಾಯ ಅದು.

ಅವನ ಮಾವ ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು. ಹಾಡುವವನು ಹಾಡಿನ ನಡುವೆ ಎಂಜಲು ನುಂಗಿದರೂ “ಇನ್ನೊಂದ್ಸಲ” ಎನ್ನುವಂಥ ಕಿವಿ. ಎಷ್ಟೋ ಹಾಡು ಮುದ್ರಿಸಿದ್ದರೂ ಅವರಿಗೆ ಹೆಮ್ಮೆ ಇದ್ದದ್ದು ಒಂದೇ ಒಂದರ ಮೇಲೆ. ನಸುಕಿನಲ್ಲಿ, ಖಾಲಿ ಸಭಾಂಗಣದಲ್ಲಿ, ಒಬ್ಬ ಮುದುಕ ಒಂಟಿಯಾಗಿ ಕೂತು ನುಡಿಸಿದ ಕೊಳಲು. ಅದರಲ್ಲೂ ಕೊಳಲಿಗಿಂತ ಹೆಚ್ಚಿನ ಹೆಮ್ಮೆ, ಕೊಳಲು ಶುರುವಾಗುವ ಮುಂಚೆ ಬರುವ ನಿಶ್ಶಬ್ದದ್ದು. “ಅದು ಏನೂ ಇಲ್ಲದ ನಿಶ್ಶಬ್ದ ಅಲ್ಲ. ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂತಿರೋ ನಿಶ್ಶಬ್ದ” ಎನ್ನುತ್ತಿದ್ದರು. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹಾಕಿ ಕೇಳಿಸುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಟೇಪು ಹಾಕಿದ್ದರು. ನಿಶ್ಶಬ್ದ ಶುರುವಾಯಿತು. ಮಾವ ಕಣ್ಣು ಮುಚ್ಚಿದರು. ಅಳಿಯ ಕಾದ. ಇನ್ನಷ್ಟು ಕಾದ. ಪಾಪ, ಹಿರಿಯರಿಗೆ ಗೊತ್ತಾಗಿಲ್ಲ, ನಾಚಿಕೆಪಟ್ಟುಕೊಂಡಾರು ಎಂದು ಮೆಲ್ಲಗೆ ಎದ್ದು, “ಪ್ಲಗ್ ಸರಿಯಾಗಿ ಕೂತಿಲ್ಲ ಅನ್ಸತ್ತೆ ಮಾವ” ಎಂದು ಅದನ್ನು ಗೋಡೆಯಿಂದ ಕಿತ್ತು, ಉಫ್ ಎಂದು ಊದಿ, ಮತ್ತೆ ಹಾಕಿದ.

ಮಾವ ಟೇಪನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ಅಳಿಯನ ಜೊತೆ ನೇರ ಮಾತು ನಿಂತಿತು. ಒಂದೇ ಸೋಫಾದ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರೂ, ಅಡುಗೆಮನೆಯಲ್ಲಿರುವ ಮಗಳನ್ನು ಕೂಗಿ, “ನಿನ್ನ ಗಂಡನಿಗೆ ಹೇಳು, ಪೇಪರ್ ಓದಿ ಆಗಿದ್ರೆ ಕೊಡಕ್ಕೆ” ಎನ್ನುವರು. ಮಗಳು ಬಂದು “ರೀ, ಪೇಪರ್ ಕೊಡ್ಬೇಕಂತೆ” ಎನ್ನುವಳು. ಅಳಿಯ ಮೊದಲೇ ಕೇಳಿಸಿಕೊಂಡಿದ್ದರೂ, ಅವಳು ಬಂದು ಹೇಳುವ ತನಕ ಮರ್ಯಾದೆಯಿಂದ ಸುಮ್ಮನಿದ್ದು, ಆಮೇಲೆ ಕೊಡುವನು. ಹೀಗೆ ವರ್ಷಗಳೇ ಕಳೆದಿದ್ದವು. ಆ ಕೊಳಲು ಹೇಗಿದೆಯೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಈಗ ಸ್ಟುಡಿಯೋದ ಹಳೆಯ ಶಿಷ್ಯರು ಯಾರೋ ಆ ಟೇಪನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದರು. ಮಗಳು ಬೆನ್ನುಬಿದ್ದು ಬಿದ್ದು ಒಪ್ಪಿಸಿದ್ದಳು. “ಆಯ್ತು. ಇದೊಂದು ಸಲ. ನಿನ್ನ ಗಂಡನ ಹತ್ರ ಸರಿಯಾದ ಸಿಸ್ಟಂ ಇದ್ರೆ” ಎಂದಿದ್ದರು ಮಾವ.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು. “ರೀ, ಅಪ್ಪ ಒಂದೇ ಒಂದು ಸಲ ನಿಮ್ಮ ಮುಖ ನೋಡಿ ಮಾತಾಡ್ಲಿ. ನನಗಷ್ಟೇ ಸಾಕು. ಇಬ್ಬರ ಮಧ್ಯ ತಂತಿ ಥರ ನಿಂತು ನಿಂತು ನಾನೇ ಸವೆದುಹೋಗಿದೀನಿ.”

ಆ ಮಾತು ಇನ್ನೂ ಕಿವಿಯಲ್ಲಿತ್ತು. ಅದಕ್ಕೇ ಅವನು ಕರೆಂಟಪ್ಪನವರನ್ನು ಕೇಳಿದ: “ಹಾಗಾದ್ರೆ ಎಂಥದು ಹಾಕ್ಬೇಕು ಚಿಕ್ಕಪ್ಪ?”

ಕರೆಂಟಪ್ಪ ಇಷ್ಟಕ್ಕೇ ಕಾಯುತ್ತಿದ್ದರು. ಮೇಲೆ ಹೋಗಿ ಒಂದು ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಂದರು. ಬೆರಳು ಗಾತ್ರದ ಅಲ್ಯೂಮಿನಿಯಂ ತಂತಿ. ಕಂಬದಿಂದ ಕಂಬಕ್ಕೆ ಎಳೆಯುವಂಥದು. ನೆಲಕ್ಕೆ ಬಿಟ್ಟ ಕೂಡಲೆ ಅದು ಬುಸುಗುಟ್ಟುತ್ತ ಬಿಚ್ಚಿಕೊಂಡು, ಟೀಪಾಯಿಯನ್ನು ಕೆಡವಿ, ಸೋಫಾದ ಕಾಲಿಗೆ ಸುತ್ತಿಕೊಂಡಿತು. ಸ್ಪೀಕರಿನ ತೂತು ಕಿವಿಯೋಲೆಯ ತೂತಿನಷ್ಟು. ತಂತಿ ಹಸುವಿನ ಹಗ್ಗದಷ್ಟು. ಕರೆಂಟಪ್ಪ ಚಾಕುವಿನಿಂದ ಅದರ ತುದಿಯನ್ನು ಪೆನ್ಸಿಲ್ ಚೂಪು ಮಾಡಿದಂತೆ ಕೆತ್ತಿ, ಇಬ್ಬರೂ ಸೇರಿ ತುರುಕಿ, ಗುಂಡಿ ಒತ್ತಿದರು.

“ಗುಂಯ್…” ಎಂದಿತು ಸ್ಪೀಕರು. ಡಬ್ಬದಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ಹಾಡೂ ಬಂತು, ಆದರೆ ದುಂಬಿಯ ಬೆನ್ನ ಮೇಲೆ ಕೂತು ಬಂತು.

“ಆಹಾ!” ಎಂದರು ಕರೆಂಟಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು. “ಕಂಬದ ಕೆಳಗೇ ನಿಂತ ಹಾಗಿದೆ ಕಣಯ್ಯ!”

ಕನ್ನಡಕದವನಿಗೂ ಕಣ್ಣಲ್ಲಿ ನೀರು ಬಂತು. ಮಾವನವರ ನಿಶ್ಶಬ್ದದೊಳಗೆ ಈ ದುಂಬಿ ಹೊಕ್ಕರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಮಾತಿಲ್ಲ. ಕರೆಂಟಪ್ಪ ಚಹಾ ಕುಡಿಯಲು ಮೇಲೆ ಹೋದದ್ದೇ ತಡ, ಬೀಗದ ಕೈಯನ್ನು ಕೆಳಗಿನ ಮನೆಯ ಟೈಲರಮ್ಮನಿಗೆ ಕೊಟ್ಟು, ಪೇಟೆಗೆ ಓಡಿದ.

*

ಆಡಿಯೋ ಅಂಗಡಿಯಲ್ಲಿ ಕಪ್ಪು ಅಂಗಿ ತೊಟ್ಟ ಸೇಲ್ಸ್‌ಮನ್ ಒಬ್ಬನಿದ್ದ. ಮಾತೆಲ್ಲ ಪಿಸುಮಾತು. ತೊಟ್ಟಿಲಲ್ಲಿ ಮಗು ಮಲಗಿರುವ ಮನೆಯವನ ಹಾಗೆ.

“ಗುಂಯ್ ಅನ್ನತ್ತಾ?” ಕೆಮ್ಮು ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳುವಂತೆ ಕೇಳಿದ. “ಬನ್ನಿ ಸಾರ್. ಒಳಗೆ ಕೂತು ಕೇಳೋಣ.”

ಒಳಗಿನ ಕೋಣೆಯಲ್ಲಿ ಮೆತ್ತನೆಯ ಸೋಫಾ, ಮಂದ ದೀಪ. ಒಂದು ಹಾಡು ಹಾಕಿದ. “ಇದು ಮಾಮೂಲಿ ಕೇಬಲ್. ಕೇಳ್ಕೊಂಡ್ರಾ? ಈಗ ಕಣ್ಣು ಮುಚ್ಚಿ.” ಹಿಂದೆಲ್ಲೋ ಸರಪರ ಸದ್ದಾಯಿತು. ಅದೇ ಹಾಡು ಮತ್ತೆ ಬಂತು. “ಹೇಗಿದೆ ಸಾರ್ ವ್ಯತ್ಯಾಸ?”

ಹುಡುಗ ಇಷ್ಟು ಕಷ್ಟಪಟ್ಟು ಬದಲಾಯಿಸಿದ್ದಾನೆ, ಗೊತ್ತಾಗಲಿಲ್ಲ ಅಂದರೆ ಬೇಜಾರು ಮಾಡಿಕೊಂಡಾನು ಎನ್ನಿಸಿತು ಕನ್ನಡಕದವನಿಗೆ. “ಅಬ್ಬಬ್ಬಾ! ಎಲ್ಲಿಂದೆಲ್ಲಿಗೆ! ಹಾಡೋಳು ಪಕ್ಕದಲ್ಲೇ ಬಂದು ಕೂತಂಗಾಯ್ತು!”

ಹುಡುಗ ಪಿಸುಗುಟ್ಟಿದ. “ಸಾರ್, ನಾನಿನ್ನೂ ಬದಲಾಯಿಸಿಲ್ಲ. ಕೇಬಲ್ ಹುಡುಕ್ತಾ ಇದ್ದೆ.”

ಆಮೇಲೆ ನಿಜಕ್ಕೂ ಬದಲಾಯಿಸಿ ತೋರಿಸಿದ. ಕನ್ನಡಕದವನು ಈ ಸಲ ಹುಷಾರಾಗಿ, “ಪರವಾಗಿಲ್ಲ” ಎಂದಷ್ಟೇ ಹೇಳಿದ.

“ಇದಿನ್ನೂ ಹಸಿ ಕೇಬಲ್ ಸಾರ್. ನೂರಾರು ಗಂಟೆ ಹಾಡು ಹರಿದ ಮೇಲೆ ಪಕ್ವ ಆಗತ್ತೆ.”

“ಸಂಜೆ ಒಳಗೆ ಪಕ್ವ ಆಗೋದು ಯಾವುದಾದ್ರೂ ಇದ್ಯಾಪ್ಪಾ?”

“ಇದು ನೋಡಿ. ಇದ್ರ ಮೇಲೆ ಬಾಣದ ಗುರುತಿದೆ. ಹಾಡು ಈ ಕಡೆಯಿಂದ ಆ ಕಡೆಗೇ ಹೋಗ್ಬೇಕು.”

“ತಿರುಗಿಸಿ ಹಾಕಿದ್ರೆ? ವಾಪಸ್ ಹೋಗ್ಬಿಡತ್ತಾ?”

“ಹೋಗಲ್ಲ ಸಾರ್. ಆದ್ರೆ ಅದಕ್ಕೆ ಮನಸ್ಸಿರಲ್ಲ.”

ಕನ್ನಡಕದವನ ಮುಖ ಬಾಡಿದ್ದನ್ನು ಕಂಡು ಹುಡುಗನಿಗೇ ಪಾಪ ಎನ್ನಿಸಿರಬೇಕು. ಏನು ವಿಷಯ ಎಂದ. ಇವನು ಮಾವ, ಕೊಳಲು, ಪ್ಲಗ್ಗು ಎಲ್ಲವನ್ನೂ ಹೇಳಿಕೊಂಡ. ಹುಡುಗ ಪಿಸುಮಾತು ಮರೆತು “ಅಯ್ಯೋ, ಊದಿದ್ರಾ!” ಎಂದುಬಿಟ್ಟ. ಆಮೇಲೆ ಕಪಾಟಿನಿಂದ ತೆಳ್ಳನೆಯದೊಂದು ಕೇಬಲ್ ತೆಗೆದ.

“ಇದು ಬೆಳಕಿನ ಕೇಬಲ್ ಸಾರ್. ಪ್ಲೇಯರಿಂದ ಹಾಡು ಅಂಕಿಯಾಗಿ ಹೊರಡತ್ತೆ, ಅಂಕಿ ಬೆಳಕಾಗಿ ಇದ್ರೊಳಗೆ ಮಿನುಗ್ತಾ ಹೋಗತ್ತೆ, ಆಂಪ್ಲಿಫೈಯರಲ್ಲಿ ಮತ್ತೆ ಹಾಡಾಗತ್ತೆ. ತಾಮ್ರದ ಎಳೆಯೇ ಇಲ್ಲ. ಇನ್ನು ಗುಂಯ್ ಅನ್ನೋದು ಎಲ್ಲಿಂದ ಬರ್ಬೇಕು?”

ಬೆಳಕು! ಕನ್ನಡಕದವನ ಎದೆ ಅರಳಿತು. ಬೆಳಗಾದರೆ ಗಾಜು, ಬೆಳಕು ಅಂತಲೇ ಬದುಕಿದವನು. ಈ ಲೋಕದಲ್ಲಿ ತನಗೆ ಅರ್ಥವಾಗುವ ಒಂದು ಕೇಬಲ್ಲಾದರೂ ಇದೆಯಲ್ಲ! ಅದನ್ನೂ, ಸ್ಪೀಕರಿಗೆ ಮಾಮೂಲು ದಪ್ಪದ ತಂತಿಯನ್ನೂ ಕಟ್ಟಿಸಿಕೊಂಡು, ಮಗುವನ್ನು ಎತ್ತಿಕೊಂಡವನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ.

*

ಮನೆಗೆ ಬಂದು ಬಾಗಿಲು ತಳ್ಳಿದರೆ ಮನೆಯೇ ಇರಲಿಲ್ಲ. ಒಂದು ಡೇರೆ ಇತ್ತು. ನಾಲ್ಕೂ ಗೋಡೆಗಳ ಮೇಲೆ ಮಾವಿನಕಾಯಿ ಬಣ್ಣದ ಪರದೆಗಳು ನೆಲದವರೆಗೆ ಇಳಿಬಿದ್ದಿದ್ದವು. ಕುರ್ಚಿಯ ಮೇಲೆ ಹತ್ತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಟೈಲರಮ್ಮ ಕೊನೆಯದನ್ನು ಸಿಕ್ಕಿಸುತ್ತಿದ್ದರು.

“ಕೋಣೆ ಬೋಳಾಗಿದ್ರೆ ಸದ್ದು ಗೋಡೆಗೆ ಬಡಿದು ವಾಪಸ್ ಬರತ್ತೆ ಕಣ್ರೀ” ಎಂದರು ಸೂಜಿಯ ಸಂದಿಯಿಂದ. “ನನ್ನ ಮೆಷಿನ್ ನೋಡಿಲ್ವಾ? ಸುತ್ತ ಬಟ್ಟೆ ರಾಶಿ ಇದ್ರೆ ಮೆತ್ತಗೆ ಓಡತ್ತೆ, ಇಲ್ದೇ ಇದ್ರೆ ಟಕಟಕ ಅಂತ ತಲೆ ತಿನ್ನತ್ತೆ. ಹೋಟೆಲಿನ ಆರ್ಡರ್ ಇದು. ಕೊಡೋದು ನಾಳೆ. ಇವತ್ತೊಂದಿನ ನಿಮ್ಮ ಮಾವ ಕೇಳ್ಕೊಳ್ಳಲಿ.”

“ಅಮ್ಮಾ, ಕಿಟಕಿ ಎಲ್ಲಿ ಹೋಯ್ತು?”

“ಇದೆ, ಎಲ್ಲೋ ಇದೆ. ಹುಡುಕಿದ್ರೆ ಸಿಗತ್ತೆ.”

ಕಿಟಕಿ ತಾನಾಗಿಯೇ ಸಿಕ್ಕಿತು. ಯಾಕೆಂದರೆ ಅದೇ ಗಳಿಗೆಗೆ ಹೊರಗಿನಿಂದ ಒಂದು ಪರದೆ ಉಬ್ಬಿ, ಅದರೊಳಗಿಂದ ಒಂದು ವೈರು ಇಳಿಯಿತು. ಹಿಂದೆಯೇ, ಮೇಲಿನ ಕಿಟಕಿಯಿಂದ ಕರೆಂಟಪ್ಪನವರ ಕೂಗು. “ನಮ್ಮನೆ ಮೀಟರಿಂದ ನಿನಗೇ ಅಂತ ಬೇರೆ ಲೈನ್ ಎಳೆದಿದೀನಿ! ಫ್ರಿಜ್ಜಿಗೆ ಹೋಗೋ ಕರೆಂಟೇ ಹಾಡಿಗೂ ಹೋದ್ರೆ ಹಾಡು ತಣ್ಣಗಾಗಲ್ವೇನಯ್ಯ? ಹಿಡ್ಕೋ!”

“ಚಿಕ್ಕಪ್ಪ, ಬೇಡ, ಈಗಾಗ್ಲೇ…”

“ಹಿಡ್ಕೋ ಅಂದ್ರೆ!”

ಹಿರಿಯರ ಮಾತು ಮೀರುವುದು ಹೇಗೆ? ಹಿಡಿದುಕೊಂಡ. ಅವರು ಇಳಿದು ಬಂದು ಅದನ್ನು ಗೋಡೆಯ ಸ್ವಿಚ್ಚಿಗೆ ಸೇರಿಸಿದರು. ಫಟ್ ಎಂದು ನೀಲಿ ಕಿಡಿ ಹಾರಿತು. ಇವರ ಮನೆ, ಮೇಲಿನ ಮನೆ, ಕೆಳಗಿನ ಮನೆ, ಮೆಟ್ಟಿಲಿನ ದೀಪ ಎಲ್ಲ ಒಂದೇ ಸಲ ಆರಿತು. ಯಾರದೋ ಮಿಕ್ಸಿ ಗೊರಕೆ ಹೊಡೆದು ನಿಂತಿತು. ಮೆಟ್ಟಿಲ ಮೇಲೆ ಗಲಾಟೆ ಎದ್ದಿತು. ಕರೆಂಟಪ್ಪನವರ ಮುಖ ಮಾತ್ರ ಕತ್ತಲಲ್ಲೂ ಹೊಳೆಯಿತು. “ಯಾರೂ ಗಾಬರಿಯಾಗ್ಬೇಡಿ! ನಾನಿದೀನಿ!” ಎಂದು ಹದಿಹರೆಯದವರ ಹಾಗೆ ಕೆಳಗೋಡಿದರು. ಎಷ್ಟೋ ವರ್ಷದ ಮೇಲೆ ಅವರಿಗೆ ಕೆಲಸ ಸಿಕ್ಕಿತ್ತು.

ಹೊರಗೆ ಸಂಜೆಗತ್ತಲು. ಒಳಗೆ ಡೇರೆಯ ಕತ್ತಲು. ಮಾವ ಬರುವ ಹೊತ್ತು. ಕನ್ನಡಕದವನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನೆಲದ ಮೇಲೆ ಮಲಗಿ, ಕಂಬದ ತಂತಿಯನ್ನು ಕಿತ್ತೆಸೆದು, ಹೊಸ ತಂತಿಯನ್ನು ಸ್ಪೀಕರಿಗೆ ಸಿಕ್ಕಿಸಿದ. ಬೆಳಕಿನ ಕೇಬಲ್ಲಿನ ಒಂದು ತುದಿ ಪ್ಲೇಯರಿಗೆ, ಇನ್ನೊಂದು ಆಂಪ್ಲಿಫೈಯರಿಗೆ. ಎರಡೂ ಒಳಗೆ ಹೋಗಲು ಸ್ವಲ್ಪ ಹಟ ಮಾಡಿದವು. ಗಾಜು ಕೂರಿಸಿ ಕೂರಿಸಿ ಪಳಗಿದ ಹೆಬ್ಬೆರಳಿನಿಂದ ಒತ್ತಿದ. ಕೂತವು.

ಕರೆಂಟು ಬಂತು. ಅದರ ಜೊತೆಗೇ ಬಾಗಿಲಲ್ಲಿ ಹೆಂಡತಿ ಬಂದಳು. ಅವಳ ಹಿಂದೆ ಕೈಚೀಲ ಹಿಡಿದ ಮಾವ.

*

ಮಾವ ಡೇರೆಯನ್ನು ಸುತ್ತಲೂ ನೋಡಿದರು. ಅಳಿಯನ ಕೆನ್ನೆಯ ಧೂಳನ್ನೂ, ಅವನ ಕೈಯಲ್ಲಿದ್ದ ಟಾರ್ಚನ್ನೂ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. “ನಿನ್ನ ಗಂಡನಿಗೆ ಹೇಳು, ಕೋಣೆ ಪರವಾಗಿಲ್ಲ ಅಂತ. ಮೆತ್ತಗಿದೆ.”

ಟೈಲರಮ್ಮ ಬಾಗಿಲಲ್ಲೇ ಅರ್ಧ ಅಡಿ ಎತ್ತರವಾದರು.

“ಅಪ್ಪಾ, ದಾರಿಯಲ್ಲಿ ಮಾತು ಕೊಟ್ಟಿದೀರಿ” ಎಂದಳು ಮಗಳು. “ಏನೇ ಆದ್ರೂ ಕೊಂಕು ತೆಗಿಯೋ ಹಾಗಿಲ್ಲ.”

“ತೆಗಿಯಲ್ಲ ಕಣೇ. ಎಷ್ಟು ಸಲ ಹೇಳಿಸ್ತೀಯ?”

ಕರೆಂಟಪ್ಪ ಆಗಲೇ ಬಂದು ಸೋಫಾದಲ್ಲಿ ಜಾಗ ಹಿಡಿದಿದ್ದರು. ಕನ್ನಡಕದವನ ಹೆಂಡತಿ ಅವರನ್ನು ರಟ್ಟೆ ಹಿಡಿದು ಎಬ್ಬಿಸಿ, “ಚಿಕ್ಕಪ್ಪ, ನಡೀರಿ, ಕೆಳಗೆ ಟೈಲರಮ್ಮನ ಮನೇಲಿ ಚಹಾ ಕುಡಿಯೋಣ. ಇವರಿಬ್ಬರೇ ಕೂತ್ಕೊಳ್ಳಲಿ” ಎಂದು ಇಬ್ಬರನ್ನೂ ಹೊರಡಿಸಿಕೊಂಡು ಹೋದಳು. ಹೋಗುವಾಗ ಗಂಡನ ಕಡೆ ತಿರುಗಿ ಒಮ್ಮೆ ಕಣ್ಣು ಮಿಟುಕಿಸಿದಳು. ಅದರಲ್ಲಿ ಅರ್ಧ ಧೈರ್ಯ, ಅರ್ಧ ದಮ್ಮಯ್ಯ ಇತ್ತು.

ಬಾಗಿಲು ಮುಚ್ಚಿತು. ನಡುವೆ ಇರಬೇಕಾದ ಮಗಳೇ ಇಲ್ಲದ್ದರಿಂದ ಇಬ್ಬರಿಗೂ ಮಾತಾಡಲು ದಾರಿಯಿಲ್ಲ. ಮಾವ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಟೀಪಾಯಿಯ ಮೇಲಿಟ್ಟರು. ಅಳಿಯ ಎರಡೂ ಕೈಯಲ್ಲಿ ಎತ್ತಿಕೊಂಡು ಪ್ಲೇಯರಿಗೆ ಚುಚ್ಚಿ, ಗುಂಡಿ ಒತ್ತಿ, ಬಂದು ಕೂತ.

ಪ್ಲೇಯರಿನ ಪುಟ್ಟ ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ದುಂಬಿ ಇಲ್ಲ. ಗುಂಯ್ ಇಲ್ಲ. ಏನೂ ಇಲ್ಲ. ಆಹಾ, ಇದೇ ಆ ನಿಶ್ಶಬ್ದ! ಬೆಳಕಿನ ಕೇಬಲ್ಲೇ, ನಿನ್ನ ಹೊಟ್ಟೆ ತಣ್ಣಗಿರಲಿ! ಅವನು ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಈ ಸಲ ಸತ್ತರೂ ಪ್ಲಗ್ಗಿನ ಹತ್ತಿರ ಹೋಗಬಾರದು.

ನಿಶ್ಶಬ್ದ ಮುಂದುವರಿಯಿತು. ಅಂಕಿ ಓಡುತ್ತಲೇ ಇತ್ತು. ಕೊಳಲು ಬರಬೇಕಿತ್ತು. ಬರಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು. ಇಷ್ಟು ಉದ್ದವಿತ್ತೇ ಇದು? ಮೆಲ್ಲಗೆ ಮಾವನ ಕಡೆ ಕಣ್ಣು ಹಾಯಿಸಿದ.

ಮಾವ ಕಣ್ಣು ಮುಚ್ಚಿ ಕೂತಿದ್ದರು. ಅವರ ಬಲಗೈಯ ಬೆರಳು ಕುರ್ಚಿಯ ತೋಳಿನ ಮೇಲೆ ಟಕ್, ಟಕ್ ಎಂದು ಬೀಳುತ್ತಿತ್ತು.

ತಾಳ! ಮಾವ ತಾಳ ಹಾಕುತ್ತಿದ್ದಾರೆ! ಬಾರದ ಕೊಳಲಿಗೆ!

ಕನ್ನಡಕದವನ ಎದೆ ಧಸಕ್ಕೆಂದಿತು. ತನ್ನ ಕಿವಿಗಂತೂ ಏನೂ ಆಗಿಲ್ಲ, ಬೆರಳಿನ ಸದ್ದು ಕೇಳಿಸುತ್ತಿದೆಯಲ್ಲ. ಅಂದರೆ… ಅಯ್ಯೋ. ಹಾಡುವವನು ಎಂಜಲು ನುಂಗಿದರೂ ಹಿಡಿಯುತ್ತಿದ್ದ ಕಿವಿ. ಹೋಗಿಬಿಟ್ಟಿದೆ. ಮಗಳಿಗೂ ಹೇಳಿಲ್ಲ. ಅವಳ ತುಟಿ ನೋಡಿಕೊಂಡು ಮಾತಾಡಿ ನಡೆಸಿಕೊಂಡು ಹೋಗುತ್ತಿದ್ದಾರೆ. ಈಗ ಅಂಕಿ ಓಡತೊಡಗಿದ್ದು ನೋಡಿ ಕಣ್ಣು ಮುಚ್ಚಿ, ನೆನಪಿನಲ್ಲಿರುವ ಕೊಳಲಿಗೆ ತಾಳ ಹಾಕುತ್ತಿದ್ದಾರೆ. ಒಬ್ಬ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕಷ್ಟ ಉಂಟೇ? ತಾನೀಗ “ಸದ್ದೇ ಬರ್ತಿಲ್ಲ ಮಾವ” ಎಂದರೆ ಆ ಜೀವ ಏನಾಗಬೇಡ?

ಹೇಳುವುದಿಲ್ಲ. ಇವತ್ತಲ್ಲ, ಯಾವತ್ತೂ ಹೇಳುವುದಿಲ್ಲ. ಮಾವ ಕಣ್ಣು ಬಿಟ್ಟರೆ ತಾನು ಕೇಳುತ್ತಿರುವುದು ಕಾಣಬೇಕು. ಕನ್ನಡಕದವನು ತಲೆಯನ್ನು ಮೆಲ್ಲಗೆ ತೂಗತೊಡಗಿದ. ಆಮೇಲೆ ಕೈಯನ್ನೂ ಸೇರಿಸಿದ. ಎಲ್ಲೋ ಕೊಳಲು ಮೇಲಕ್ಕೇರಿರಬಹುದು ಅನ್ನಿಸಿದ ಕಡೆ ಹುಬ್ಬನ್ನೂ ಏರಿಸಿದ.

ಮಾವ ಒಂದು ಕಣ್ಣು ತೆರೆದರು. ಆಮೇಲೆ ಎರಡನ್ನೂ ತೆರೆದರು. ಬೆರಳು ನಿಂತಿತು. ಅಂಕಿ ಓಡಿ ಮುಗಿಯುವ ತನಕ ಅವರು ಅಳಿಯನನ್ನೇ ನೋಡುತ್ತ ಕೂತರು.

“ಹೇಗಿತ್ತು?” ಎಂದರು. ನೇರವಾಗಿ. ಅಳಿಯನ ಮುಖ ನೋಡಿ. ನಡುವೆ ಯಾರೂ ಇಲ್ಲದೆ.

ಕನ್ನಡಕದವನು ಎರಡೂ ಕೈ ಎತ್ತಿದ. “ಅದ್ಭುತ ಮಾವ! ಆ ನಿಶ್ಶಬ್ದ ಆದ್ಮೇಲೆ ಕೊಳಲು ಬಂತಲ್ಲ, ಮೈ ಜುಮ್ಮಂತು!”

ಮಾವ ಎದ್ದು ಬಂದು ಅಳಿಯನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ಬಾಗಿ, ಅವನ ಕಿವಿಯ ಹತ್ತಿರ ಬಂದು ಕೂಗಿದರು: “ಸಿಸ್ಟಂ ಚೆನ್ನಾಗಿದೆ ಅಳಿಯಂದ್ರೇ!”

ಪಾಪ, ಕಿವಿ ಹೋದವರು ಕೂಗಿಯೇ ಮಾತಾಡುತ್ತಾರೆ ಎಂದುಕೊಂಡ ಅಳಿಯ. ಅವರಿಗೂ ಕೇಳಿಸಲಿ ಎಂದು ತಾನೂ ಕೂಗಿದ: “ನಿಮ್ಮ ರೆಕಾರ್ಡಿಂಗ್ ಚೆನ್ನಾಗಿದೆ ಮಾವ!”

“ನೀವು ಬಹಳ ಒಳ್ಳೇವ್ರು!”

“ನೀವು ಇನ್ನೂ ಒಳ್ಳೇವ್ರು!”

ಕೆಳಗಿನ ಮನೆಯಲ್ಲಿ ಹೆಂಡತಿ ಚಹಾದ ಲೋಟ ಕೆಳಗಿಟ್ಟು, “ಜಗಳ ಹತ್ಕೊಂಡ್ತು!” ಎಂದು ಮೆಟ್ಟಿಲು ಹಾರಿ ಬಂದಳು. ಹಿಂದೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡ ಟೈಲರಮ್ಮ. ಅವರ ಹಿಂದೆ, ಬೇಕಾದರೆ ಬಿಡಿಸಲೂ ಬೇಡವಾದರೆ ನೋಡಲೂ ಸಿದ್ಧರಾಗಿ ಕರೆಂಟಪ್ಪ. ಬಾಗಿಲು ತೆಗೆದರೆ ಮಾವ ಅಳಿಯ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಕತ್ತಿನ ನರ ಉಬ್ಬಿಸಿ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು.

ಮಾವ ಮಗಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಟೈಲರಮ್ಮನೂ ಕರೆಂಟಪ್ಪನೂ, ಯಾರೂ ಕರೆಯದಿದ್ದರೂ, ಹಿಂದೆಯೇ ಹೋದರು. ಅಳಿಯನಿಗೆ ಹೇಗೂ ಕೇಳಿಸುವುದಿಲ್ಲವೆಂದು ಮಾವ ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. ಸೋಫಾದಲ್ಲಿ ಕೂತ ಕನ್ನಡಕದವನಿಗೆ ಒಂದೊಂದು ಮಾತೂ ಕೇಳಿಸಿತು.

“ನನಗ್ಯಾಕೆ ಹೇಳಲಿಲ್ವೇ ಮಗಳೇ? ನಿನ್ನ ಗಂಡನಿಗೆ ಕಿವಿ ಪೂರ್ತಿ ಹೋಗಿದೆ!”

“ಏನಪ್ಪಾ ಅದು?”

“ಒಂದು ಚೂರೂ ಸದ್ದು ಬರ್ಲಿಲ್ಲ ಕಣೇ ಆ ಪೆಟ್ಟಿಗೆಯಿಂದ. ಕೊಂಕು ತೆಗಿಯಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ಇವನೇ ಎದ್ದು ಸರಿಮಾಡ್ತಾನೆ ಅಂತ ಕಣ್ಮುಚ್ಚಿ ಕುರ್ಚಿ ಕುಟ್ತಾ ಕೂತೆ. ಕಣ್ಬಿಟ್ಟು ನೋಡಿದ್ರೆ ತಲೆ ತೂಗ್ತಿದಾನೆ! ಕೊಳಲು ಅದ್ಭುತ ಅಂತಾನೆ! ನನಗೆ ಬೇಜಾರಾಗಬಾರದು ಅಂತ, ಕೇಳಿಸಿದವರ ಥರ ನಟಿಸ್ತಿದಾನೆ!” ಅವರ ದನಿ ಒಡೆಯಿತು. “ಅವತ್ತೂ ಕೇಳಿಸಿರ್ಲಿಲ್ಲ, ಅದಕ್ಕೇ ಪ್ಲಗ್ ನೋಡೋಕೆ ಎದ್ದ. ಪೇಪರ್ ಕೊಡು ಅಂದ್ರೂ ನೀನು ಬಂದು ಹೇಳೋ ತನಕ ಅಲ್ಲಾಡ್ತಿರ್ಲಿಲ್ಲ. ನಾನು ಕೊಬ್ಬು ಅಂದ್ಕೊಂಡೆ. ಕೇಳಿಸದೇ ಇರೋನ ಮೇಲೆ ಇಷ್ಟು ವರ್ಷ ಕೋಪ ಇಟ್ಕೊಂಡಿದ್ದೆನಲ್ಲೇ, ನಾನೆಂಥ ಮನುಷ್ಯ!”

“ನನಗೆ ಮೊದಲೇ ಅನುಮಾನ ಇತ್ತು” ಎಂದಿತು ಟೈಲರಮ್ಮನ ದನಿ. “ಮೊನ್ನೆ ಮೆಟ್ಟಿಲ ಮೇಲೆ ಅಷ್ಟು ಕರೆದೆ, ತಿರುಗಿ ಕೂಡ ನೋಡ್ಲಿಲ್ಲ.”

“ನಾನು ಬೇಡ ಬೇಡ ಅಂದ್ರೂ ಲೈನ್ ಹಿಡ್ಕೊಂಡ ಪಾಪ” ಎಂದರು ಕರೆಂಟಪ್ಪ. ಅಂದದ್ದು ಯಾರು, ಹಿಡಿಸಿದ್ದು ಯಾರು ಎಂಬುದು ಅವರಿಗಾಗಲೇ ಅದಲುಬದಲಾಗಿತ್ತು. “ಬಾಗಿಲ ಮೇಲೊಂದು ಕೆಂಪು ಬಲ್ಬ್ ಹಾಕ್ಕೊಡ್ತೀನಿ. ಬೆಲ್ ಒತ್ತಿದ್ರೆ ಉರಿಯತ್ತೆ.”

“ನೀನು ಹೋಗಿ ಆ ಕೇಬಲ್ ನೋಡು ಮಗಳೇ” ಎಂದರು ಮಾವ. “ಎಲ್ಲೋ ಕೂತಿಲ್ಲ ಅದು. ಅವನಿಗೆ ಗೊತ್ತಾಗದ ಹಾಗೆ ಸರಿಮಾಡು. ಮನಸ್ಸು ನೊಂದ್ಕೊಂಡಾನು.”

ಹೆಂಡತಿ ಬಂದಳು. ಆಂಪ್ಲಿಫೈಯರಿನ ಹಿಂದೆ, ಪರದೆಯ ಮರೆಯಲ್ಲಿ ಕೂತಳು. ಕನ್ನಡಕದವನೂ ಏನೋ ಹುಡುಕುವವನಂತೆ ಹೋಗಿ ಪಕ್ಕದಲ್ಲಿ ಕೂತ.

“ರೀ, ಏನಿದು?” ಪಿಸುಗುಟ್ಟಿದಳು.

“ನಾನು ಅವರಿಗೆ ಕೇಳಿಸಲ್ಲ ಅಂದ್ಕೊಂಡೆ ಕಣೇ!”

ಅವಳು ಕೇಬಲ್ಲಿನ ತುದಿಯನ್ನು ಎಳೆದಳು. ಅದರ ಮೂತಿಗೆ ಅಕ್ಕಿಕಾಳಿನಷ್ಟು ಪುಟ್ಟದೊಂದು ರಬ್ಬರ್ ಮುಚ್ಚಳ. ಇನ್ನೊಂದು ತುದಿಗೂ ಅಂಥದೇ. ತುದಿಗೆ ಗೀರು ಬೀಳದಿರಲೆಂದು ಕಾರ್ಖಾನೆಯವರು ತೊಡಿಸಿದ್ದು. ಹಾಕುವ ಮುಂಚೆ ತೆಗೆಯಬೇಕಾದದ್ದು. ಎರಡೂ ಮುಚ್ಚಳ ತೆಗೆದು, ಒಂದು ತುದಿಯನ್ನು ಪ್ಲೇಯರಿಗೆ ಸಿಕ್ಕಿಸಿದ ಕೂಡಲೆ ಇನ್ನೊಂದು ತುದಿಯಲ್ಲಿ ಕೆಂಪನೆಯ ಬೆಳಕೊಂದು ಮಿನುಗಿತು. ಹಗಲಿಡೀ ಬೆಳಕಿಗೆ ಗಾಜು ಹಿಡಿದು ಬದುಕುವವನು ಬೆಳಕಿಗೇ ಬಿರಡೆ ಹಾಕಿದ್ದ.

ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು. “ಹೋಗಿ ನಿಜ ಹೇಳ್ಬಿಡಿ. ‘ಮಾವ, ನನ್ನ ಕಿವಿ ಚೆನ್ನಾಗಿದೆ. ಅವತ್ತು ನಿಮ್ಮ ನಿಶ್ಶಬ್ದ ಕೇಳಿಸ್ಕೊಂಡೇ ಪ್ಲಗ್ ಕಿತ್ತೆ. ಇವತ್ತು ಕೊಳಲು ಬರದೇ ಇದ್ರೂ ಆಹಾ ಅಂದೆ’ ಅಂತ.”

ಕನ್ನಡಕದವನು ಆ ಮಾತುಗಳನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು ನೋಡಿದ. ಬೆವರಿದ.

“ಇಲ್ಲಾಂದ್ರೆ?”

“ಇಲ್ಲಾಂದ್ರೆ ಕಿವುಡರಾಗೇ ಇರಿ. ಅಪ್ಪ ನಿಮ್ಮ ಹತ್ರ ಮಾತಾಡ್ತಾರೆ. ನೇರವಾಗೇ. ಸ್ವಲ್ಪ ಜೋರಾಗಿ, ಅಷ್ಟೇ.”

“ಎಷ್ಟು ದಿನ ಅಂತ?”

ಅವಳು ಉತ್ತರ ಹೇಳುವ ಮೊದಲೇ ಬೆನ್ನ ಹಿಂದಿನಿಂದ ಮಾವನವರ ದನಿ ಬಂತು, ಅತಿ ಮೆತ್ತಗೆ. “ಅಳಿಯಂದ್ರೇ?”

ಕನ್ನಡಕದವನ ಕತ್ತು ಅರ್ಧ ತಿರುಗಿತ್ತು. ಹೆಂಡತಿಯ ಮುಖ ನೋಡಿದ. ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಇದ್ದ ದಣಿವು ಅಲ್ಲಿರಲಿಲ್ಲ. ಅವನು ಕತ್ತನ್ನು ಮೆಲ್ಲಗೆ ವಾಪಸ್ ತಂದು, ಗೋಡೆಯ ಪರದೆಯನ್ನು ತದೇಕಚಿತ್ತದಿಂದ ನೋಡತೊಡಗಿದ.

“ಅಪ್ಪ ಕರೀತಿದಾರೆ ರೀ!” ಎಂದು ಹೆಂಡತಿ ಅವನ ಕಿವಿಯಲ್ಲಿ ಕೂಗಿದಳು, ಪರದೆ ಅಲ್ಲಾಡುವಷ್ಟು ಜೋರಾಗಿ.

*

ಮತ್ತೊಮ್ಮೆ ಹಾಕಿದರು. ಈ ಸಲ ಕರೆಂಟಪ್ಪನೂ ಟೈಲರಮ್ಮನೂ ನೆಲದ ಮೇಲೆ ಕೂತಿದ್ದರು. ಮಾವ ತಮ್ಮ ಕುರ್ಚಿಯನ್ನು ಅಳಿಯನ ಪಕ್ಕಕ್ಕೆ ಎಳೆದುಕೊಂಡರು.

ನಿಶ್ಶಬ್ದ ಶುರುವಾಯಿತು. ಅದು ಮೊದಲಿನ ಹಾಗಿರಲಿಲ್ಲ. ದೊಡ್ಡದೊಂದು ಕೋಣೆ, ಎತ್ತರದ ಚಾವಣಿ, ದೂರದಲ್ಲಿ ಯಾರೋ ಕೂತಿರುವ ಭಾವ, ಎಲ್ಲ ಅದರೊಳಗಿತ್ತು. ಇದನ್ನೇ ಊದಿ ಹಾರಿಸಿದ್ದೆನಲ್ಲ ಎಂದುಕೊಂಡ ಕನ್ನಡಕದವನು. ಆಮೇಲೆ ಕೊಳಲು ಬಂತು. ಬಂದದ್ದು ಗೊತ್ತಾಗದ ಹಾಗೆ, ಕಿಟಕಿಯಲ್ಲಿ ಬೆಳಗು ಬರುವ ಹಾಗೆ ಬಂತು.

ಮಾವ ಅಳಿಯನ ಕೈಯನ್ನು ತಮ್ಮ ತೊಡೆಯ ಮೇಲೆಳೆದುಕೊಂಡರು. ಅಂಗೈ ಬಿಡಿಸಿ, ಅದರ ಮೇಲೆ ಬೆರಳಿನಿಂದ ಮೆತ್ತಗೆ ತಾಳ ತಟ್ಟತೊಡಗಿದರು. ಕಿವಿಗೆ ಸಿಗದ ಕೊಳಲು ಅಷ್ಟಾದರೂ ಸಿಗಲಿ ಎಂದು.

ಕೊಳಲು ತೀರ ಸಣ್ಣಗಾದ ಗಳಿಗೆಯಲ್ಲಿ ಪಕ್ಕದ ಮನೆಯಲ್ಲಿ ಯಾರೋ ಪಾತ್ರೆಯ ರಾಶಿಯನ್ನೇ ಕೆಡವಿದರು. ಕರೆಂಟಪ್ಪ ಕೂತಲ್ಲೇ ಹಾರಿದರು. ಟೈಲರಮ್ಮ “ಅಯ್ಯಮ್ಮಾ” ಎಂದರು. ಹೆಂಡತಿ ಬೆಚ್ಚಿ ಗಂಡನ ಕಡೆ ನೋಡಿದಳು. ಅವನ ರೆಪ್ಪೆ ಕೂಡ ಅಲುಗಿರಲಿಲ್ಲ. ಪರವಾಗಿಲ್ಲ, ಬೇಗ ಕಲಿತುಬಿಟ್ಟರು ಎಂದುಕೊಂಡಳು. ಆದರೆ ಕೊಳಲಲ್ಲಿ ಮುಳುಗಿಹೋಗಿದ್ದ ಅವನಿಗೆ ಆ ಸದ್ದು ನಿಜವಾಗಿಯೂ ಕೇಳಿಸಿರಲಿಲ್ಲ.

ಮಾವ ನಿಟ್ಟುಸಿರು ಬಿಟ್ಟು, ಅವನ ಅಂಗೈಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ತಪ್ಪಿದ ತಾಳವನ್ನು ಮತ್ತೆ ಹಿಡಿದರು.